ಹಾಜರಿಗೆ ‘ಉಲ್ಲೆ’

೧೪ ಡಿಸೆಂಬರ್ ೨೦೧೧, ಡೊಂಬಿವಲಿ

ನಿನ್ನೆ ಕ್ವಿಜ್ ಫೈನಲ್‌ನಲ್ಲಿ ನಾನೂ ಸಂದೇಶನೂ ತುಳುವಿನಲ್ಲಿ ಪಿಸುಗುಟ್ಟಿದ್ದನ್ನು ಸೀಕ್ರೆಟ್ ಕೋಡ್ ಎಂದುಕೊಂಡು ನಮ್ಮ ಕಾಲೇಜಿನ ಟೀಮನ್ನೇ ಹೊರಹಾಕಿದರು. ಕ್ಲಾಸಿನಲ್ಲಿ ಎಲ್ಲರೂ ಬೈಯುತ್ತಾರೆ, ಟೀಮ್ ಬಿಟ್ಟುಬಿಡುವುದೇ ವಾಸಿ ಎಂದು ಇಂದು ಹೆದರುತ್ತಲೇ ಹೋದೆ.

ಮೇಡಂ ಹಾಜರಿ ಕರೆದಾಗ ಭಿವಂಡಿಯ ಅನ್ಸಾರಿ ಎದ್ದು “ಉಲ್ಲೆ” ಎಂದ. ಇದ್ದೇನೆ ಅಂತ, ತುಳುವಿನಲ್ಲಿ! ಆಮೇಲೆ ದೇಸಾಯಿ, ಗಾಯಕವಾಡ್, ಜಾಧವ್, ಎಲ್ಲರದ್ದೂ ಉಲ್ಲೆ. ಸಂದೇಶ ಬೆಳಿಗ್ಗೆ ಕಲಿಸಿದ್ದನಂತೆ. ನನ್ನ ಸರದಿ ಬಂದಾಗ ಮಾತ್ರ, ಶಾಲೆಯ ದಿನಗಳ ಅಭ್ಯಾಸ, “ಪ್ರೆಸೆಂಟ್ ಮಿಸ್” ಎಂದುಬಿಟ್ಟೆ.

“ಅರೇ ಅಶ್ಮಿತಾ, ತೇರೀ ಹೀ ಭಾಷಾ ಹೈ ನಾ!” ನಿನ್ನದೇ ಭಾಷೆಯಲ್ಲವೇ ಎಂದು ಅನ್ಸಾರಿ ನಕ್ಕ. ಮೇಡಂ ಕೂಡ.

ಈಗ ಮನೆಯಲ್ಲಿ ಕೂತು ಇದನ್ನು ಬರೆಯುವಾಗ ದೂರದಲ್ಲಿ ಲೋಕಲ್ ರೈಲು ಹೋಗುತ್ತಿದೆ. ಆ ಸದ್ದಿನೊಳಗೆ ಅವರ ಉಲ್ಲೆಗಳು ಒಂದರ ಹಿಂದೊಂದು ತೇಲಿ ಬರುತ್ತಿವೆ. ಟೀಮ್ ಬಿಡುವುದಿಲ್ಲ. ಒಳಗಿಂದ ಅಮ್ಮ ನನ್ನ ಹೆಸರು ಕರೆಯುತ್ತಿದ್ದಾರೆ. ಈ ಸಲ ತಪ್ಪಲಿಲ್ಲ, ಉಲ್ಲೆ ಎಂದೆ.