ಕೊಪ್ಪರಿಗೆ ಒಲೆಯ ಮೇಲಿರುವಾಗ

ಪ್ರೀತಿಯ ಚಿಕ್ಕಬೋರಯ್ಯ,

ತಲೆ ಒರೆಸಿಕೊಂಡೆಯಾ? ಶೀತ ಗೀತ ಆಗಿಲ್ಲ ತಾನೇ? ನಿನ್ನನ್ನು ಹುಟ್ಟಿಸಿದವನು ನಾನು. ವಾರವಾರವೂ ನಿನ್ನ ಬಗ್ಗೆ ಬರೆದೆ, ನಿನಗೇ ಬರೆಯುತ್ತಿರುವುದು ಇದೇ ಮೊದಲು. ಮೊನ್ನೆ ನಿನ್ನನ್ನು ಸಾಯಿಸಲು ಹೊರಟಿದ್ದೆನಲ್ಲ, ಅದು ಹೇಗೆ ತಪ್ಪಿತು ಎಂಬುದು ನಿನಗೆ ತಿಳಿದಿರಬೇಕು.

ನೀನು ನನ್ನ ಧಾರಾವಾಹಿಯ ನೀರುಗಂಟಿ. ನಾಲೆಯ ತೂಬು ತಿರುಗಿಸಿ ಗದ್ದೆ ಗದ್ದೆಗೂ ನೀರು ಹಂಚುವವನು. "ನೀರು ನಿಮ್ಮಪ್ಪಂದೂ ಅಲ್ಲ, ನಮ್ಮಪ್ಪಂದೂ ಅಲ್ಲ, ಸರದಿ ಬಂದಾಗ ಬಾ ಓಗು" ಅಂತ ನೀನು ಗದರುವುದನ್ನು ಗೆಜ್ಜಲಗೆರೆಯ ಫ್ಯಾಕ್ಟರಿ ಬಸ್ಸಿನಲ್ಲಿ ಜೋರಾಗಿ ಓದಿ ನಗುತ್ತಾರಂತೆ. ಮಳವಳ್ಳಿಯ ಕನಕಲಕ್ಷ್ಮಿ ಟೀಚರು ನಿನ್ನ ಮಂಡಿನೋವಿಗೆಂದು ಎಣ್ಣೆ ಕಳಿಸಿದ್ದರು. ನಿನಗೆ ತಲುಪಿಸುವ ದಾರಿ ಕಾಣದೆ ನಾನೇ ಹಚ್ಚಿಕೊಂಡೆ. ಒಳ್ಳೆಯ ಎಣ್ಣೆ.

ಕೊನೆಯ ಕಂತು ಬಂತು ನೋಡು, ಅಲ್ಲಿ ಸಿಕ್ಕಿಕೊಂಡೆ. ತೂಬಿನ ನೀರಿಗಾಗಿ ಮಾತು ಬಿಟ್ಟ ಆ ಅಣ್ಣತಮ್ಮಂದಿರನ್ನು ಒಂದು ಮಾಡುವುದು ಹೇಗೆಂದು ಹೊಳೆಯಲೇ ಇಲ್ಲ. ಪತ್ರಿಕೆಯ ಸಂಪಾದಕ ಸುಧೀಂದ್ರ ಮದ್ದೂರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ದಾರಿ ತೋರಿಸಿದ: "ಬೋರಯ್ಯನ್ನ ಸಾಯಿಸಿಬಿಡಿ ಸಾರ್. ನಗಿಸಿದ್ದನ್ನ ಜನ ಮರೀತಾರೆ, ಅಳಿಸಿದ್ದನ್ನ ಮರೆಯಲ್ಲ." ನನಗೂ ಹೌದೆನ್ನಿಸಿತು. ಅವರಿಬ್ಬರ ಜಗಳ ಬಿಡಿಸಲು ಹೋಗಿ ನೀನು ನಾಲೆಗೆ ಬೀಳಬೇಕು, ನಿನ್ನ ಹೆಣದ ಮುಂದೆ ಅವರು ತಬ್ಬಿಕೊಂಡು ಅಳಬೇಕು. ನೆನೆಸಿಕೊಂಡೇ ನನಗೆ ಕಣ್ಣು ತುಂಬಿತು. ನಾಚಿಕೆಯಿಲ್ಲದ ಕಣ್ಣು.

ಆದರೆ ನನ್ನ ಅಭ್ಯಾಸ ನಿನಗೆ ಗೊತ್ತು. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ಅದಕ್ಕೇ ನಮ್ಮೂರಿಗೆ, ದೊಡ್ಡಪ್ಪನ ಮಗ ಕೆಂಪಸಿದ್ದಯ್ಯನ ಆಲೆಮನೆಗೆ ಹೋದೆ. ನಾನು ಕತೆ ಕಲಿತದ್ದು ಅಲ್ಲೇ, ಮಾಯಮ್ಮತ್ತೆಯ ಬಾಯಿಂದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅತ್ತೆ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಆಲೆಮನೆಯ ಆಳು ಪುಟ್ಟಮಾದಯ್ಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ. ನಾನು ಹೇಳುತ್ತಾ ಹೋದೆ, ಅವರು ಹೂಂಗುಟ್ಟುತ್ತಾ ಬಂದರು. ನಿನ್ನನ್ನು ನೀರಿಗೆ ಬೀಳಿಸಿದೆ ನೋಡು, ಹೂಂಗುಟ್ಟುವುದು ನಿಂತಿತು. ಪುಟ್ಟಮಾದಯ್ಯನ ಕೈಯೂ ನಿಂತಿತು.

ಆಗ ನೆನಪಾಯಿತು. ಕೊಪ್ಪರಿಗೆ ಒಲೆಯ ಮೇಲಿರುವಾಗ ನಮ್ಮ ಆಲೆಮನೆಯಲ್ಲಿ ಹೇಳುವ ಕತೆಯೊಳಗೆ ಯಾರೂ ಸಾಯುವಂತಿಲ್ಲ. ಸತ್ತರೆ ಪಾಕ ಗಟ್ಟಿಯಾಗದು, ಬೆಲ್ಲ ಕೆಡುತ್ತದೆ ಎಂಬ ನಂಬಿಕೆ. ಪೇಟೆ ಸೇರಿ ಅದನ್ನು ಮರೆತೇಬಿಟ್ಟಿದ್ದೆ.

"ಲೇ, ಅವ್ನ ಸಾಯಿಸ್ಬುಟ್ಟು ನನ್ ಬೆಲ್ಲ ಕೆಡಿಸ್ಬ್ಯಾಡ ಕಣ್ಲಾ! ಇಳ್ಸೋಗಂಟ ತಡ್ಕೊ" ಅಂದ ಕೆಂಪಸಿದ್ದಯ್ಯ.

"ಅಲ್ಲೀಗಂಟ ಅವ್ನು ನೀರ್ನಾಗೆ ಏನ್ ಮಾಡ್ತಾನ್ಲಾ? ಮೀನ್ ಇಡೀತಾನಾ?" ಅಂದಳು ಅತ್ತೆ.

ಇನ್ನೇನು ಮಾಡಲಿ, ನಿನ್ನನ್ನು ನೀರಿನಲ್ಲೇ ಇಟ್ಟುಕೊಂಡೆ. ಕೈಗೊಂದು ಕೊಂಬೆ ಕೊಟ್ಟೆ, ಮುರಿದೆ. ಹುಲ್ಲು ಕೊಟ್ಟೆ, ಕಿತ್ತೆ. ತೇಲಿಹೋಗುತ್ತಿದ್ದ ನಿನ್ನ ಚಪ್ಪಲಿಗೆ ನಿನ್ನ ಬಾಯಿಂದಲೇ ಬೈಸಿದೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಪುಟ್ಟಮಾದಯ್ಯ, "ಅಲ್ಲಾ, ಉಟ್ದಾಗಿಂದ ನಾಲೆ ಏರಿ ಮ್ಯಾಲೇ ಇರೋನ್ಗೆ ಈಜು ಬರಾಕಿಲ್ವಾ?" ಅಂದ. ನಾನು ಕೆಮ್ಮಿದೆ.

ಅತ್ತೆ ಮಾತ್ರ ನಗಲಿಲ್ಲ. "ಅವ್ನು ಸತ್ರೆ ನಾಳೀಕೆ ತೂಬು ತಿರ್ಗ್ಸೋರು ಯಾರ್ಲಾ?" ಅಂತ ಕೇಳಿದಳು. ಬೋರಯ್ಯ, ನನ್ನ ಕತೆಯಲ್ಲಿ ನಾಳೆ ಎಂಬುದೇ ಇರಲಿಲ್ಲ. ಕೊಪ್ಪರಿಗೆ ಇಳಿದ ಮೇಲೆ ಅತ್ತೆ ಹೇಳುತ್ತಿದ್ದ ಕತೆಗಳಲ್ಲೂ ಸಾವಿತ್ತು. ರಾಣಿ ಮೊದಲಿಗೇ ಸಾಯುತ್ತಿದ್ದಳು, ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಆದರೆ ಅಲ್ಲಿಂದಲೇ ಕತೆ ಎದ್ದು ನಡೆಯಲು ಶುರುಮಾಡುತ್ತಿತ್ತು. ನಾನು ನಿನ್ನನ್ನು ಕೊಲ್ಲಹೊರಟದ್ದು ಮುಂದಕ್ಕೆ ದಾರಿ ತೋಚದೆ. ನನ್ನ ಸೋಮಾರಿತನಕ್ಕೆ ನಿನ್ನ ಹೆಣ ಹೊದಿಸುತ್ತಿದ್ದೆ, ಅಷ್ಟೆ.

ಹೀಗೆ ಯೋಚಿಸುತ್ತಿದ್ದಾಗಲೇ ನೀನು ನೀರಿನಿಂದ ಎದ್ದು ಬಂದೆ. ನಾನು ಎತ್ತಲಿಲ್ಲ, ನೀನೇ ಬಂದೆ. ಒಂದೇ ಚಪ್ಪಲಿ, ತೊಟ್ಟಿಕ್ಕುವ ಮೀಸೆ. "ನೋಡ್ತಾ ನಿಂತವ್ರಲ್ಲ! ಒಣಗಿದ್ ಬಟ್ಟೆ ತರ್ರಲಾ!" ಅಂತ ನೀನು ಆ ಅಣ್ಣತಮ್ಮಂದಿರ ಮೇಲೆ ಕೂಗಿದೆ. ಅಣ್ಣ ಓಡಿಹೋಗಿ ತನ್ನ ಪಂಚೆ ತಂದ, ತಮ್ಮ ತನ್ನ ಅಂಗಿ ತಂದ. ಎರಡನ್ನೂ ತೊಟ್ಟು ತೂಬಿನ ಮೇಲೆ ಕೂತು ನೀನು ಹೇಳಿದೆ: "ಬಟ್ಟೆ ವಾಪಸ್ ಬೇಕಾದ್ರೆ ಇಬ್ರೂ ಜೊತೇಲಿ ಬನ್ನಿ. ಒಬ್ಬೊಬ್ರೇ ಬಂದ್ರೆ ಒಬ್ಬನ್ಗೂ ಕೊಡಾಕಿಲ್ಲ, ನೀರೂ ಬುಡಾಕಿಲ್ಲ." ನಾನು ದಿನಗಟ್ಟಲೆ ತಿಣುಕಿದ್ದನ್ನು ನೀನು ಒದ್ದೆ ಮೈಯಲ್ಲಿ ಮುಗಿಸಿದೆ.

ಕೊಪ್ಪರಿಗೆ ಇಳಿಯಿತು. ಪಾಕ ಅಚ್ಚಿಗೆ ಬಿತ್ತು. ಕೆಂಪಸಿದ್ದಯ್ಯ ಬೆವರೊರೆಸಿಕೊಂಡು, "ಊಂ, ಈಗ ಬೇಕಾದ್ರೆ ಸಾಯಿಸ್ಕೊ ಓಗ್ಲಾ" ಎಂದು ಅಪ್ಪಣೆ ಕೊಟ್ಟ. ನಾನು ಅತ್ತೆಯ ಕಡೆ ನೋಡಿದೆ. ಬಾಳೆಲೆಯ ಚೂರಿನ ಮೇಲೆ ಬಿಸಿ ಬೆಲ್ಲದ ಒಂದು ಪಾಲು ತೆಗೆದಿಡುತ್ತಿದ್ದಳು. "ಇದು ಬೋರಯ್ಯಂಗೆ ಕಣಪ್ಪ. ತಣ್ಣೀರ್ನಾಗೆ ಬಿದ್ದವ್ನೆ, ಬೆಚ್ಚಗಾಗ್ಲಿ." ಆಮೇಲೆ ನಿನ್ನ ಮೈ ಮುಟ್ಟಲು ಯಾವ ಕತೆಗಾರನಿಗೆ ಧೈರ್ಯ ಬಂದೀತು ಹೇಳು! ಆ ಪಾಲನ್ನೂ ನಾನೇ ತಿಂದೆ. ಎಣ್ಣೆಯ ಜೊತೆಗೆ ಇದನ್ನೂ ಬರೆದಿಟ್ಟುಕೋ.

ಕಂತು ಓದಿದ ಸುಧೀಂದ್ರ ಫೋನಿನಲ್ಲಿ, "ಅಳು ಎಲ್ಲಿ ಸಾರ್?" ಅಂದ. ಪಂಚೆ ಅಂಗಿಯ ಭಾಗವನ್ನು ಇನ್ನೊಮ್ಮೆ ಓದಪ್ಪಾ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಮಾಡಿದ. ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. "ಅಚ್ಚಿಗೆ ಕಳಿಸ್ತಿದ್ದೀನಿ" ಎಂದಷ್ಟೇ ಹೇಳಿ ಇಟ್ಟ. ಅವನಿಗೂ ಒಬ್ಬ ಅಣ್ಣನಿದ್ದಾನೆ.

ಇನ್ನು ಮುಂದೆ ನನ್ನ ಕತೆಗಳಲ್ಲಿ ಯಾರೂ ಸಾಯುವುದಿಲ್ಲ ಎಂದು ಆಣೆಯಿಡಲಾರೆ. ಸಾವು ಬರುವ ಕತೆಗೆ ಬರಲಿ. ಕರೆಯುತ್ತಿರುವುದು ಕತೆಯೋ, ದಣಿದ ನಾನೋ ಎಂದು ಮಾತ್ರ ಮೊದಲು ಕೇಳಿಕೊಳ್ಳುತ್ತೇನೆ.

ಚೆನ್ನಾಗಿರು ಬೋರಯ್ಯ. ನಿನ್ನ ನಾಲೆಯಲ್ಲಿ ನೀರು ಹರಿಯುತ್ತಿರಲಿ, ಆ ಬಟ್ಟೆ ಬೇಗ ವಾಪಸ್ ಹೋಗಲಿ. ವಯಸ್ಸಿನಲ್ಲಿ ನಾನೇ ನಿನಗಿಂತ ದೊಡ್ಡವನು. ಎಂದಾದರೂ ನನ್ನನ್ನು ಕರೆದೊಯ್ಯಲು ಯಾರಾದರೂ ನಾಲೆ ಏರಿಯ ಮೇಲೆ ದಾರಿ ಕೇಳಿಕೊಂಡು ಬಂದರೆ, ಕೊಪ್ಪರಿಗೆ ಇನ್ನೂ ಒಲೆಯ ಮೇಲೇ ಇದೆ ಎಂದು ಹೇಳಿ ವಾಪಸ್ ಕಳಿಸು.

ಇಂತಿ,
ನಿನ್ನ ಪಾಲಿನ ಬೆಲ್ಲ ತಿಂದ ಕತೆಗಾರ