ಹೊಸದಡದ ಬಿಸಿಲಿಗೆ ಸುಂಕ

ಕೆಂಚನಹಾಳ, ಬ್ಯಾಡಗಿ ಸೀಮೆ
ಫೆಬ್ರುವರಿ ೩೦, ೨೧೯೮

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ಕಲ್ಲವ್ವ ಆಯಿಯವರಿಗೆ ತಂಪವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರುವರಿಗೆ ಹುಟ್ಟಿದಾಗಿನಿಂದ ಅನ್ಯಾಯವಾಗಿದೆ ಎಂದು ನಮ್ಮ ಕಾಲದ ಪಂಚಾಂಗದವರಿಗೆ ಕನಿಕರ ಬಂದು, ಅಕ್ಕಪಕ್ಕದ ತಿಂಗಳುಗಳಿಂದ ದಿನ ಕಿತ್ತು ಅದರ ಉಡಿ ತುಂಬಿದ್ದಾರೆ. ಹಾಗೆಯೇ ನನ್ನ ಮಾತಿನಲ್ಲಿ ನಿಮಗೆ ಗುರುತು ಸಿಗದ ಶಬ್ದಗಳು ಬಂದರೆ ಮನ್ನಿಸಬೇಕು. ಇಷ್ಟು ತಲೆಮಾರುಗಳಲ್ಲಿ ಹೊಳೆಗಳೇ ದಾರಿ ಬದಲಿಸಿವೆ, ಶಬ್ದಗಳು ಇದ್ದಲ್ಲೇ ಇರುತ್ತವೆಯೇ. ಇನ್ನೊಂದು ತೊಡಕಿದೆ. ಈ ಪತ್ರ ತಲುಪಬೇಕಾದ ದಿನ ನಿಮಗೆ ನಲವತ್ತೂ ತುಂಬಿರುವುದಿಲ್ಲ, ನನಗೋ ಎಪ್ಪತ್ತು ದಾಟಿದೆ. ನಿಮ್ಮನ್ನು ಆಯಿ ಎನ್ನಬೇಕೋ ತಂಗಿ ಎನ್ನಬೇಕೋ ತಿಳಿಯದೆ ಒಂದು ಲೋಟ ಚಹಾ ಆರಿಹೋಯಿತು. ಆಯಿ ಎಂದೇ ಇರಲಿ, ಮರ್ಯಾದೆಗೆ ಮೋಸವಿಲ್ಲ.

ನಮ್ಮೂರಲ್ಲಿ ಊರಸಭೆ ನಡೆಸಿಕೊಟ್ಟವರು ಅದರ ತೀರ್ಮಾನವನ್ನು ಹಿಂದೆ ಬಾಳಿದ ಒಬ್ಬರಿಗೆ ಪತ್ರ ಬರೆದು ಒಪ್ಪಿಸಬೇಕು. ಇದಕ್ಕೆ ಹಿನ್ನೋಲೆ ಎನ್ನುತ್ತೇವೆ. ಮೊದಲು ಮುಂದೆ ಹುಟ್ಟುವವರಿಗೆ ಬರೆಯುವ ಪದ್ಧತಿ ಇತ್ತಂತೆ. ಆದರೆ ಇನ್ನೂ ಹುಟ್ಟದವರ ಮುಂದೆ ಎಲ್ಲರೂ ಬಡಾಯಿ ಕೊಚ್ಚಿಕೊಳ್ಳಲು ಶುರುಮಾಡಿದರು. ಹಿರಿಯರ ಮುಂದಾದರೆ ನಾಲಿಗೆ ಸ್ವಲ್ಪ ಹಿಡಿತದಲ್ಲಿರುತ್ತದೆ. ಪತ್ರ ತಲುಪಿತೇ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಹೇಳುವವರೂ ಇಲ್ಲ. ನಾನು ನಿಮ್ಮನ್ನು ಆರಿಸಿಕೊಂಡಿದ್ದೇನೆ. ಮೆಣಸಿನಕಾಯಿ ಮಾರುಕಟ್ಟೆಯ ಅಂಗಳದಲ್ಲಿ ನಿಮ್ಮ ಸಭೆ ಮುಗಿದ ಸಂಜೆಯನ್ನೇ ವಿಳಾಸವಾಗಿ ಬರೆದಿದ್ದೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸುಂಕ ಬೀಳಲಿಲ್ಲ. ಹೊಸದಡದ ಕೂಸುಗಳಿಗೆ ಈ ಬೇಸಿಗೆಗೆ ತಂಪುಕೋಣೆ ಸಿಗುತ್ತದೆ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಇಳಿಸಿದ ಹಾಗಾಗಿದೆ, ಆಯಿ. ಮಧ್ಯಾಹ್ನ ರೊಟ್ಟಿ ಸಾಕು ಎನ್ನುವುದನ್ನೇ ಮರೆತು ಉಂಡೆ.

ತಂಪುಕೋಣೆ ಎಂದರೇನೆಂದು ಹೇಳಬೇಕಲ್ಲ. ನಿಮ್ಮ ಏಪ್ರಿಲ್, ಮೇಗಳಿಗೆ ನಾವು ಬೇಗೆದಿಂಗಳು ಎನ್ನುತ್ತೇವೆ. ಆ ದಿನಗಳಲ್ಲಿ ಮಧ್ಯಾಹ್ನ ಹೊರಗಿದ್ದರೆ ಗಟ್ಟಿ ಆಳೂ ಕುಸಿಯುತ್ತಾನೆ. ಅದಕ್ಕೆಂದೇ ಓಣಿಗೊಂದರಂತೆ ಅರ್ಧ ನೆಲದೊಳಗೆ ಇಳಿದ ದಪ್ಪ ಗೋಡೆಯ ಕೋಣೆ ಕಟ್ಟಿದ್ದೇವೆ. ಅದರ ಮಾಳಿಗೆಯ ಹಲಗೆಗಳು ಬಿಸಿಲು ಕುಡಿದು ಒಳಗೆ ತಂಪು ಮಾಡುತ್ತವೆ. ಹಲಗೆ ಎಂದರೆ ನೀವು ಸೋಲಾರ್ ಪ್ಯಾನೆಲ್ ಎನ್ನುವುದು. ಹಾಲುಗೂಸುಗಳು, ಬಸುರಿಯರು, ನನ್ನಂಥ ಹಣ್ಣಾದವರು ಅಲ್ಲಿ ಹಗಲು ಕಳೆಯುತ್ತೇವೆ. ಸಂಡಿಗೆಗೆ ಹಿಟ್ಟು ಕಲಸುವುದು, ಕೂಸಿನ ಕುಲಾವಿ ಹೊಲಿಯುವುದು, ಊರವರ ಸೊಸೆಯಂದಿರನ್ನು ಆಡಿಕೊಳ್ಳುವುದು, ಎಲ್ಲವೂ ಅಲ್ಲೇ. ಹೊಲಕ್ಕೆ ಹೋಗುವವರು ಬೆಳಕು ಹರಿಯುವ ಮೊದಲೇ ಹೋಗುತ್ತಾರೆ, ಸೊಂಟದಲ್ಲಿ ಬಿಸಿಲುಬುತ್ತಿ ಕಟ್ಟಿಕೊಂಡು. ಅದು ನಿನ್ನೆಯ ಬಿಸಿಲನ್ನು ತುಂಬಿಟ್ಟುಕೊಂಡ ಡಬ್ಬಿ, ಕುತ್ತಿಗೆಯ ಹತ್ತಿರ ಸಣ್ಣ ಫ್ಯಾನು ತಿರುಗಿಸುತ್ತದೆ. ಒಬ್ಬರ ಗೋಡೆಯ ನೆರಳು ಇನ್ನೊಬ್ಬರ ಹಲಗೆಯ ಮೇಲೆ ಬೀಳದಂತೆ ನೋಡಿಕೊಳ್ಳುವವರಿಗೆ ನೆರಳುಪಂಚರು ಎನ್ನುತ್ತಾರೆ. ನಾನೂ ಅವರಲ್ಲಿ ಒಬ್ಬಳು, ಆದ್ದರಿಂದ ಊರಲ್ಲಿ ನನ್ನನ್ನು ಕಂಡರೆ ಅರ್ಧ ಜನರಿಗೆ ಆಗುವುದಿಲ್ಲ. ಈ ವರ್ಷ ಊರಸಭೆ ನಡೆಸುವ ಪಾಳಿಯೂ ನನ್ನದೇ. ಮೆಣಸಿನಕಾಯಿ ಇನ್ನೂ ಬೆಳೆಯುತ್ತೇವೆ, ಗಾಬರಿಯಾಗಬೇಡಿ. ಕಾಯಿ ಕೆಂಪಾಗಿಯೇ ಇದೆ, ಮುದುರಿಯೇ ಇದೆ.

ಹೊಸದಡ ಎಂಬುದು ನಿಮ್ಮ ಕಾಲದಲ್ಲಿ ಇರಲಿಲ್ಲ. ಕಡಲು ಮೇಲೇರಿ ಕಾರವಾರದ ಕಡೆಯ ಕೇರಿಗಳನ್ನು ನುಂಗಿದಾಗ ಅಲ್ಲಿಯ ಮೀನುಗಾರರು ಘಟ್ಟ ಹತ್ತಿ ಬಂದು ನಮ್ಮೂರ ಮೂಡಣ ದಿಕ್ಕಿಗೆ ನೆಲೆ ನಿಂತರು. ಈಗ ಕೆರೆಗಳಲ್ಲಿ ಮೀನು ಸಾಕುತ್ತಾರೆ. ನಮ್ಮ ಕಾಯಿಯ ಘಾಟಿಗೆ ಅವರು ಸೀನುತ್ತಾರೆ, ಅವರ ಒಣಮೀನಿಗೆ ನಾವು ಮೂಗು ಮುಚ್ಚುತ್ತೇವೆ, ಒಟ್ಟಿನಲ್ಲಿ ನೆರೆಹೊರೆ. ಆದರೆ ಅವರಿಗೆ ತಂಪುಕೋಣೆ ಇರಲಿಲ್ಲ. ಹೋದ ಬೇಗೆದಿಂಗಳಲ್ಲಿ ಶೇವಂತಿ ತಾಂಡೇಲ ಎಂಬಾಕೆ ತನ್ನ ಮೊಮ್ಮಗುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಓಣಿಯ ತಂಪುಕೋಣೆಗೆ ಓಡಿ ಬಂದಳು. ಬಾಗಿಲು ತೆಗೆದವಳು ನಾನೇ. ಕೂಸು ದಾರಿಯಲ್ಲೇ ಹೋಗಿಬಿಟ್ಟಿತ್ತು. ಅಂದಿನಿಂದ ಹೊಸದಡದವರು ಹೊಟ್ಟೆ ಬಟ್ಟೆ ಕಟ್ಟಿ ಹಡಗಿನ ಹಲಗೆ ತರಿಸಲು ಹೊರಟರು. ಅಂದರೆ ಹೊರದೇಶದಿಂದ ಬರುವ ಹಲಗೆ. ನಮ್ಮೂರಲ್ಲಿ ಮಾಡುವುದರ ಅರ್ಧ ಬೆಲೆ.

ಇನ್ನು ಸುಂಕ ಎಂಬ ಶಬ್ದ. ನಮ್ಮ ಬಾಯಲ್ಲಿ ಸುಂಕವೆಂದರೆ ಸೂರ್ಯನಿಗೆ ಅಡ್ಡ ಬರುವ ಮೋಡ. ಕಾಯಿ ಹರವಿದ ಅಂಗಳ ಮಬ್ಬಾದರೆ ಸುಂಕ ಬಿತ್ತು ಎನ್ನುತ್ತೇವೆ, ಬೆಳಗಿದರೆ ಸುಂಕ ಬಿಟ್ಟಿತು ಎನ್ನುತ್ತೇವೆ. ಇದಕ್ಕೆ ಕಾರಣ ನೀವೇ, ಆಯಿ. ಕಥೆ ನಮ್ಮವರೆಗೆ ಹೇಗೆ ಬಂದಿದೆಯೋ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಹೊರಗಿನಿಂದ ಬರುವ ಹಲಗೆಗಳ ಮೇಲೆ ಸರ್ಕಾರ ಸುಂಕ ಏರಿಸಲು ಹೊರಟಿತ್ತು, ಜನರ ಅಭಿಪ್ರಾಯ ಕೇಳಲು ದಿಲ್ಲಿಯಿಂದ ಸಾಹೇಬರು ಬರುವವರಿದ್ದರು. ಆಟೋದಲ್ಲಿ ಮೈಕು ಹಿಡಿದು ಸಾರಲು ಹೊರಟವನ ಕೈಗೆ ನವೀಕರಿಸಬಹುದಾದ ಇಂಧನ ಸಲಕರಣೆಗಳ ಆಮದು ಸುಂಕ ಹೆಚ್ಚಳದ ಕುರಿತು ಸಾರ್ವಜನಿಕ ಅಹವಾಲು ಸಭೆ ಎಂಬ ಉದ್ದದ ಚೀಟಿ ಕೊಟ್ಟಿದ್ದರು. ಎರಡನೇ ಓಣಿಗೆ ಬರುವಷ್ಟರಲ್ಲಿ ಅವನ ಉಸಿರು ಕಟ್ಟಿ, "ನಾಳೆ ಬಿಸಿಲ ಸುಂಕದ ಸಭಾ ಐತಿ, ಎಲ್ಲಾರೂ ಬರ್ರಿ!" ಎಂದು ಕೂಗಿಬಿಟ್ಟ. ಬಿಸಿಲಿಗೇ ಸುಂಕ ಬೀಳುತ್ತದೆಂದು ಕಾಯಿ ಒಣಗಿಸುವವರು, ಹಪ್ಪಳದವರು, ಮಡಿವಾಳರು, ಇಟ್ಟಿಗೆ ಭಟ್ಟಿಯವರು ಎಲ್ಲರೂ ಸೆರಗು ಕಟ್ಟಿ ಬಂದರು. ನೀವು ಮೈಕಿನ ಮುಂದೆ ನಿಂತು, "ನಾ ಕಾಯಿ ಒಣಗಸೂ ಬಿಸಿಲಿಗೆ ನಿಮಗ್ಯಾಕ್ರೀ ರೊಕ್ಕ ಕೊಡ್ಬೇಕು?" ಎಂದು ಕೇಳಿದಿರಿ. ಸಾಹೇಬರು ನಕ್ಕು, ಸುಂಕ ಬಿಸಿಲಿಗಲ್ಲ ತಾಯಿ, ಬಿಸಿಲು ಹಿಡಿಯುವ ಹಲಗೆಗೆ ಎಂದು ಬಿಡಿಸಿ ಹೇಳಿದರು. ನೀವು, "ಬಾವಿಗೆ ಇಲ್ಲ, ಹಗ್ಗಕ್ಕ ಸುಂಕ ಅಂದ್ರ ನೀರಿಗೆ ಹಾಕಿದಂಗ ಅಲ್ಲೇನ್ರೀ ಸಾಹೇಬ್ರ?" ಎಂದಿರಿ. ಅಂಗಳವೆಲ್ಲ ಚಪ್ಪಾಳೆ. ಅಲ್ಲಿ ಶುರುವಾದ ವಿರೋಧ ಎಲ್ಲೆಲ್ಲೋ ಹಬ್ಬಿ ಆ ಸುಂಕ ನಿಂತಿತು ಎಂದು ನಾವು ನಂಬಿದ್ದೇವೆ. ಅಂದಿನಿಂದ ಬಿಸಿಲಿಗೆ ಅಡ್ಡ ಬರುವುದೆಲ್ಲ ಊರ ಬಾಯಲ್ಲಿ ಸುಂಕವಾಯಿತು. ಬಡಾಯಿಯ ಪಾಲು ಎಷ್ಟಿದೆಯೋ ನಿಮಗೇ ಗೊತ್ತು.

ಆ ತಪ್ಪು ಕೂಗಿನಿಂದ ಊರು ಒಂದು ಪಾಠ ಕಲಿತಿದೆ. ಯಾವ ಠರಾವಾದರೂ ಸಭೆಯ ಹಿಂದಿನ ದಿನ ಸಾರುವವಳು ಅದನ್ನು ತಂದವರ ಬಾಯಿಂದಲೇ ಕೇಳಿ, ತನಗೆ ಅರ್ಥವಾದ ಹಾಗೆ, ತನ್ನ ಮಾತಿನಲ್ಲೇ ಓಣಿ ಓಣಿ ಸಾರಬೇಕು. ಚೀಟಿ ಓದುವಂತಿಲ್ಲ. ಈ ಸಲದ ಠರಾವು ತಂದವನು ನನ್ನ ಮಗ ಮುಗಿಲಪ್ಪ. ಹೆಸರು ಮುಗಿಲಪ್ಪ, ಕಸುಬು ಬಿಸಿಲ ಹಲಗೆ ಮಾಡುವುದು. ಹೆಸರಿಟ್ಟವಳು ನಾನೇ, ಯಾರನ್ನು ಬೈಯಲಿ. ಊರ ಹಲಗೆ ಕಾರ್ಖಾನೆಯನ್ನು ಅವನು ಮೈ ಮುರಿದು ಕಟ್ಟಿದ್ದಾನೆ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಹಡಗಿನ ಹಲಗೆ ಬಂದರೆ ತನ್ನವರ ಗತಿಯೇನು, ನಾವು ಬಾಗಿಲು ಹಾಕಿದ ಮೇಲೆ ಅವರು ಬೆಲೆ ಏರಿಸಿದರೆ ಯಾರ ಕಾಲು ಹಿಡಿಯುವುದು ಎಂದು ಅವನ ವಾದ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಠರಾವಿಗೆ ಅವನು ಇಟ್ಟ ಹೆಸರು ಸ್ಥಳೀಯ ಹಲಗೆ ಪೋಷಣಾ ಕಾಣಿಕೆ. ಹೊರಗಿನ ಹಲಗೆ ಊರೊಳಗೆ ಬರಬೇಕಾದರೆ ಅದರ ಬೆಲೆಯಷ್ಟೇ ಕಾಣಿಕೆಯನ್ನೂ ಕಟ್ಟಬೇಕು. ಕಾಣಿಕೆ ಎಂದರೆ ಯಾರಿಗೆ ಸಿಟ್ಟು ಬರುತ್ತದೆ? ಹತ್ತು ಜನ ಬಂದು, ಆಕಳಿಸಿ, ಒಪ್ಪಿ ಹೋಗುವ ಹಾಗಿತ್ತು. ಸಭೆ ನಡೆಸುವವರು ಠರಾವಿನ ಮೇಲೆ ಬಾಯಿ ತೆರೆಯುವಂತಿಲ್ಲ. ಒಂದು ಕಡೆ ಮಗ, ಒಂದು ಕಡೆ ಆ ಒದ್ದೆ ಬಟ್ಟೆಯ ಕೂಸು. ನಾನು ಬಾಯಿಗೆ ಬೀಗ ಹಾಕಿಕೊಂಡು ಕುದಿಯುತ್ತಿದ್ದೆ.

ನಮ್ಮ ಸಾರುವವಳು ಹಜರಾಂಬಿ. ಮುಗಿಲಪ್ಪನ ಎದುರು ಕೂತು ಅವನ ಪೋಷಣೆ, ಕಾಣಿಕೆ, ಸ್ವಾವಲಂಬನೆ ಎಲ್ಲವನ್ನೂ ತಲೆದೂಗುತ್ತ ಕೇಳಿದಳು, ಎಲೆಯಡಿಕೆ ಹಾಕಿಕೊಂಡಳು, ಎದ್ದು ಓಣಿಗೆ ಬಂದು ಗಂಟಲೆತ್ತಿದಳು: "ಹೊಸದಡದವರ ಬಿಸಿಲಿಗೆ ಸುಂಕ ಹಾಕ್ತಾರಂತ, ನಾಳೆ ಬರ್ರೆವ್ವಾ!" ಅವಳು ಹಳೆಯ ಅರ್ಥದಲ್ಲಿ ಕೂಗಿದಳು, ಊರು ಹೊಸ ಅರ್ಥದಲ್ಲಿ ಕೇಳಿಸಿಕೊಂಡಿತು. ಒಂದು ಕೇರಿಯ ಮೇಲೆ ಮೋಡ ಹಾಕುವುದೆಂದರೇನು, ಯಾರು ಹಾಕುತ್ತಾರೆ, ಎಲ್ಲಿಂದ ತರುತ್ತಾರೆ? ಮುಗಿಲಪ್ಪನೇ ಮೋಡ ಮಾಡುವ ಯಂತ್ರ ಕಂಡುಹಿಡಿದಿದ್ದಾನೆ ಎಂದೂ ಸುದ್ದಿ ಎದ್ದಿತು. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ನನ್ನ ಮಗ ಪಾಪ, ಮೋಡವಲ್ಲ, ಹಳೆಯ ಕಾಲದ ಸುಂಕ, ಅಂದರೆ ಹೊರಗಿನ ಹಲಗೆ ತಂದರೆ ಕಟ್ಟಬೇಕಾದ ಹಣ ಎಂದು ತನ್ನ ಬಾಯಾರೆ ವಿವರಿಸಬೇಕಾಯಿತು. ವಿವರಿಸುತ್ತಿದ್ದ ಹಾಗೆ ಕಾಣಿಕೆಯ ಬಣ್ಣ ತಾನಾಗಿ ಬಿಟ್ಟುಹೋಯಿತು. ಶೇವಂತಿ ತಾಂಡೇಲ ಎದ್ದಳು. ಸತ್ತ ಕೂಸಿನ ಮಾತನ್ನು ಅವಳು ಎತ್ತಲೇ ಇಲ್ಲ. "ನಿಮ್ಮ ಹಲಗೆ ಬೇಡ ಅಂತಲ್ಲ ಮಗಾ. ಅಷ್ಟು ದುಡ್ಡು ಕೂಡುವಷ್ಟರಲ್ಲಿ ಬೇಸಿಗೆ ನಮ್ಮನ್ನ ಕಾಯ್ತದ್ಯಾ?" ಎಂದಷ್ಟೇ ಕೇಳಿ ಕೂತಳು.

ನಮ್ಮ ಪದ್ಧತಿಯಲ್ಲಿ ಒಪ್ಪುವವರು ಚಪ್ಪರದ ನೆರಳಲ್ಲೇ ಉಳಿಯುತ್ತಾರೆ, ಒಪ್ಪದವರು ಎದ್ದು ಬಿಸಿಲಿಗೆ ಹೋಗಿ ನಿಲ್ಲುತ್ತಾರೆ. ಬೇಡ ಎನ್ನುವುದು ಸ್ವಲ್ಪ ಸುಡಬೇಕು ಎಂದು ಹಿರಿಯರು ಮಾಡಿದ ಏರ್ಪಾಡು. ನಾನು ಕೈಗಂಟೆ ಬಾರಿಸಿದೆ. ಯಾರೂ ಏಳಲಿಲ್ಲ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಳ್ಳುವ ಸಪ್ಪಳ ಕೇಳಿತು. ಕಾಯಿ ಒಣಗಿಸುವ ಹೆಂಗಸರು ಎದ್ದರು, ಹಿಂದೆಯೇ ಅವರ ಗಂಡಂದಿರು, ಒಣಮೀನಿಗೆ ಮೂಗು ಮುಚ್ಚುವ ಬಸವ್ವನೂ ಎದ್ದಳು, ಕೊನೆಗೆ ಕಾರ್ಖಾನೆಯ ಅರ್ಧ ಜನರೂ ತಲೆ ತಗ್ಗಿಸಿ ಬಿಸಿಲಿಗೆ ನಡೆದರು. ಅಷ್ಟು ಜನ ಒಟ್ಟಿಗೆ ಬಿಸಿಲಲ್ಲಿ ನಿಂತದ್ದನ್ನು ನಾನು ಈ ವಯಸ್ಸಿಗೆ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು, ಧೂಳು ಎಂದು ಹೇಳಿ ಒರೆಸಿಕೊಂಡೆ. ಕಾರ್ಖಾನೆಗೆ ನೆರವು ಬೇಕಾದರೆ ಊರ ಹುಂಡಿಯಿಂದ ಕೊಡೋಣ, ಇನ್ನೊಬ್ಬರ ಮಾಳಿಗೆಯಿಂದ ಬೇಡ ಎಂದೂ ಅಲ್ಲೇ ತೀರ್ಮಾನವಾಯಿತು.

ಜನ ಕೇಕೆ ಹಾಕುತ್ತ ಹೊರಟರು. ಚಪ್ಪರದಡಿ ನನ್ನ ಮಗ ಒಬ್ಬನೇ ಉಳಿದ. ಅಂಗಳ ಖಾಲಿಯಾಗುವವರೆಗೆ ನಾನು ಪೀಠ ಬಿಟ್ಟು ಇಳಿಯುವಂತಿಲ್ಲ, ಅವನು ನನ್ನತ್ತ ನೋಡುತ್ತಲೂ ಇರಲಿಲ್ಲ. ಆಗ ಶೇವಂತಿ ಅವನ ಹತ್ತಿರ ಹೋದಳು. "ಹಡಗಿನ ಹಲಗೆಗೆ ಕೈಕಾಲು ಇರ್ತದ್ಯಾ ಮಗಾ, ತಾನೇ ಮಾಡಿನ ಮೇಲೆ ಹತ್ತೂಕೆ? ನಮಗೆ ಕೂರಿಸೂಕೆ ಬರೂದಿಲ್ಲ, ಕೆಟ್ಟರೆ ನೋಡೂಕೂ ಬರೂದಿಲ್ಲ," ಎಂದಳು. ಅವನು ಎದ್ದು ನಿಂತು, ನಾಳೆ ಏಣಿ ತರುತ್ತೇನೆ ಎಂದ. ಆಯಿ, ಠರಾವು ಬಿದ್ದಾಗ ಬಂದ ಉಸಿರು ಅರ್ಧ ಉಸಿರು. ಪೂರ್ತಿ ಉಸಿರು ಬಂದದ್ದು ಆ ಮಾತು ಕೇಳಿದ ಮೇಲೆ.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಸಭೆಯಲ್ಲಿ ಸುಂಕ ಬೇಕು ಎಂದು ಎದ್ದವನು ಒಬ್ಬನೇ, ರಾಣೆಬೆನ್ನೂರಿನಲ್ಲಿ ಹಲಗೆ ಜೋಡಿಸುವ ಸಣ್ಣ ಕಾರ್ಖಾನೆ ಇಟ್ಟಿದ್ದ ಚನ್ನವೀರ ಕುಡುಪಲಿ. ಅವನ ಮಾತು ಮುಗಿಯಲು ನೀವು ಬಿಡಲಿಲ್ಲ, ಹೋ ಎಂದು ಕೂಗಿ ಕೂರಿಸಿದಿರಿ. ವರ್ಷ ತುಂಬುವುದರೊಳಗೆ ಅವನು ಬಾಗಿಲು ಹಾಕಿದ. ಅಗ್ಗದ ಹಲಗೆ ಮನೆಮನೆಗೆ ಬಂತು, ಬಹಳ ಒಳ್ಳೆಯದಾಯಿತು. ಆದರೆ ಅವು ಕೆಟ್ಟಾಗ ಮುಟ್ಟಿ ನೋಡುವ ಕೈ ಈ ಸೀಮೆಯಲ್ಲೇ ಇರಲಿಲ್ಲ. ಸತ್ತ ಹಲಗೆ ಹೊತ್ತ ಮಾಳಿಗೆಗಳ ಕೆಳಗೆ ಎರಡು ತಲೆಮಾರುಗಳು ಬೆಂದುಹೋದವು. ನೀವು ಸುಂಕ ಬೇಡ ಎಂದದ್ದು ಸರಿ. ಅವನೂ ಬೇಡ ಎಂದದ್ದು ಸರಿಯಲ್ಲ.

ಈ ಪತ್ರ ನಿಮ್ಮ ಕೈ ಸೇರುವಾಗ ಮಾರುಕಟ್ಟೆ ಖಾಲಿಯಾಗುತ್ತಿರುತ್ತದೆ, ನಿಮ್ಮವರು ಗುಲಾಲು ಎರಚುತ್ತಿರುತ್ತಾರೆ. ಚನ್ನವೀರ ಇನ್ನೂ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಿದ್ದಾನೆ, ಅವನ ಬಸ್ಸು ಬಂದಿಲ್ಲ. ಹೋಗಿ ಒಂದು ಕಪ್ ಚಹಾ ಕುಡಿಸಿ, ಆಯಿ. ನಮ್ಮ ಮಾಳಿಗೆ ಹತ್ತಿ ನೋಡ್ತೀಯೇನಪ್ಪಾ ಎಂದು ಕೇಳಿ. ಅವನ ತಾಯಿಯೂ ಎಲ್ಲೋ ಕೂತು, ನನ್ನ ಮಗನ ಹತ್ತಿರ ಯಾರಾದರೂ ಹೋದರೇ ಎಂದು ನೋಡುತ್ತಿರುತ್ತಾಳೆ.

ನಿಮ್ಮ ಕುಡಿ,
ತಂಪವ್ವ