ಬಾಡಿಗೆ ಮನೆಯ ಹೊಸ್ತಿಲು

೧೪ ನವೆಂಬರ್ ೨೦೨೫, ಶುಕ್ರವಾರ. ನ್ಯಾಮತಿ

ಇಂಥ ಒಳ್ಳೆಯ ಬಾಡಿಗೆಯವರು ಬಿಟ್ಟುಹೋದರೆ ಎಂಬ ಚಿಂತೆ ಬೆಳಗಿನಿಂದ ಕೊರೆಯುತ್ತಿದೆ. ಅವರಿಗೆ ಕೊಟ್ಟಿರುವ ನಮ್ಮ ಮುಂದಿನ ಮನೆಯ ಹೊಸ್ತಿಲಿಗೆ ಅರಿಸಿನ ಹಚ್ಚಲು ಹೋದ ಅತ್ತೆ, ತಮ್ಮಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲನ್ನೇ ತೆಗೆದುಬಿಟ್ಟರು. ಒಳಗೆ ಬಾಡಿಗೆಗಿರುವ ಸಂಧ್ಯಾರಾಣಿಯ ಗಂಡ ಟವೆಲ್ಲಿನಲ್ಲಿ ನಿಂತಿದ್ದರಂತೆ.

"ನೋಡ್ರಿ ಅಕ್ಕ, ಇನ್ನೊಂದ್ಸಲ ಹಿಂಗಾದ್ರೆ ಮನೆ ಖಾಲಿ ಮಾಡ್ತೀವಿ," ಎಂದಳು ಸಂಧ್ಯಾ.

ಅತ್ತೆಯನ್ನು ಕೂರಿಸಿಕೊಂಡು ಹೇಳಿದೆ: ಕರಾರು ಮುಗಿಯುವವರೆಗೆ ಅದು ಅವರ ಸ್ವಾಧೀನ, ಮಾಲೀಕರೂ ಕೇಳಿಯೇ ಒಳಗೆ ಹೋಗಬೇಕು.

"ಹೊಸ್ಲನ್ನೂ ಬಾಡಿಗೆಗೆ ಕೊಟ್ಟೀಯೇನೇ?"

"ಹೂಂ ಅತ್ತೆ, ಅದೂ ಸೇರೈತೆ."

"ಹಂಗಾರೆ ನನ್ನ ಮನೆಗೆ ನಾನೇ ನೆಂಟ್ಳು!"

ಕಾನೂನಿನ ಪ್ರಕಾರ ಹೌದು ಎಂದೆ. ಅಷ್ಟು ಖಡಾಖಂಡಿತವಾಗಿ ಹೇಳಬಾರದಿತ್ತೇನೋ. ಅತ್ತೆ ಬೀಗದ ಕೈಯನ್ನು ನನಗೆ ಒಪ್ಪಿಸಿ, ಸಂಜೆ ರೇಷ್ಮೆ ಸೀರೆ ಉಟ್ಟು, ಸಂಧ್ಯಾಳ ಮನೆಗೆ ಹೋಗಿ ಬೆಲ್ ಒತ್ತಿದರು. ಉಪ್ಪಿಟ್ಟು, ಕಾಫಿ, ಕುಂಕುಮ ಎಲ್ಲ ಆದರೂ ಏಳಲಿಲ್ಲ. ಈಗ ಸಂಧ್ಯಾಳ ಮೆಸೇಜು: "ಅಕ್ಕ, ಊಟಕ್ಕೂ ಇಲ್ಲೇ ಅಂತಿದಾರೆ. ಶುಕ್ರವಾರ ಅರಿಸಿನ ಹಚ್ಕೊಂಡು ಹೋಗ್ಲಿ ಬಿಡ್ರಿ, ಬೆಲ್ ಮಾಡಿದ್ರೆ ಸಾಕು. ನಾವೇನೂ ಮನೆ ಬಿಡಲ್ಲ."

ಈ ಷರತ್ತನ್ನು ಕರಾರಿನಲ್ಲಿ ಹೇಗೆ ಬರೆಸುವುದು? ಒಂಬತ್ತೂವರೆಯಾಯಿತು. ಅತ್ತೆ ಇನ್ನೂ ಬಂದಿಲ್ಲ.